ಬಾಡಿಗೆ ಮನೆಯ ಸುರಕ್ಷತೆ: ಬಾಡಿಗೆದಾರರು ದೂರು ಕೊಡುವ ತನಕ ಕಾಯಬೇಕೇ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

2025ರ ಆಗಸ್ಟ್ 16ರ ನಸುಕಿನಲ್ಲಿ ಬೆಂಗಳೂರಿನ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು, ಮಕ್ಕಳೂ ಸೇರಿದಂತೆ ಐವರು ಪ್ರಾಣ ಕಳೆದುಕೊಂಡರು. ಕೆಳಗೆ ಬೇಗ ಹೊತ್ತಿಕೊಳ್ಳುವ ಸರಕು, ಮೇಲೆ ಸಂಸಾರ; ಹಳೆಯ ಪೇಟೆ ಪ್ರದೇಶದಲ್ಲಿ ಇಂಥ ಕಟ್ಟಡಗಳು ಇಂದಿಗೂ ಬೀದಿ ಬೀದಿಯಲ್ಲಿವೆ. ದುರಂತ ನಡೆದ ಮೇಲೆ ವೈರಿಂಗ್ ಹೇಗಿತ್ತು, ನಕ್ಷೆಗೆ ಮಂಜೂರಾತಿ ಇತ್ತೇ, ಹೊರಬರಲು ಎರಡನೆಯ ದಾರಿ ಇತ್ತೇ ಎಂದು ಎಲ್ಲರೂ ಕೇಳಿದರು. ಕೇಳಲೇಬೇಕಾದ ಪ್ರಶ್ನೆಗಳು ಅವು. ಆದರೆ ಒಂದು ಸಾಮಾನ್ಯ ಮನೆಯನ್ನೋ ಮಳಿಗೆಯನ್ನೋ ಬಾಡಿಗೆಗೆ ಕೊಡುವ ದಿನ ಅದೇ ಪ್ರಶ್ನೆಗಳನ್ನು ಕೇಳುವವರು ಯಾರೂ ಇಲ್ಲ. ಅಪಾಯವನ್ನು ಬಾಡಿಗೆದಾರರೇ ಗುರುತಿಸಬೇಕು, ಅವರೇ ದೂರು ಕೊಡಬೇಕು, ಅವರೇ ಮಾಲೀಕರೊಡನೆ ಗುದ್ದಾಡಬೇಕು ಎಂಬ ಎಣಿಕೆಯ ಮೇಲೆ ನಮ್ಮ ಕಾನೂನು ಮತ್ತು ಆಡಳಿತ ಎರಡೂ ನಿಂತಿವೆ. ತಿಂಗಳುಗಟ್ಟಲೆ ಬಾಡಿಗೆಯಷ್ಟು ಮುಂಗಡವನ್ನು ಮಾಲೀಕರ ಕೈಯಲ್ಲಿಟ್ಟು, ಹನ್ನೊಂದು ತಿಂಗಳ ಕರಾರಿನ ಮೇಲೆ ಬದುಕುವ ಕುಟುಂಬ ಆ ದೂರನ್ನು ಕೊಡಲಾರದು ಎಂಬ ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ವಿದ್ಯುತ್ ಗುತ್ತಿಗೆದಾರರೊಬ್ಬರ ಬಳಿ ಬಹುಕಾಲ ವೈರಿಂಗ್ ಮೇಲ್ವಿಚಾರಕನಾಗಿ ದುಡಿದವನು. ಮದುವೆಯಾದಂದಿನಿಂದ ಬಾಡಿಗೆ ಮನೆಗಳಲ್ಲೇ ಸಂಸಾರ ಮಾಡಿದವನು. ಕೆಲಸದ ನಿಮಿತ್ತ ಮಾಲೀಕರ ಮನೆಗೂ ಅವರು ಬಾಡಿಗೆಗೆ ಕೊಟ್ಟ ಮನೆಗೂ ಒಂದೇ ದಿನ ಹೋಗಿ ಬಂದ ಸಂದರ್ಭಗಳು ಎಷ್ಟೋ. ಎರಡರ ನಡುವೆ ನಾನು ಕಂಡ ಮುಖ್ಯ ವ್ಯತ್ಯಾಸ ಗೋಡೆಯ ಬಣ್ಣದ್ದಾಗಲೀ ನೆಲಹಾಸಿನದ್ದಾಗಲೀ ಅಲ್ಲ, ಮೀಟರ್ ಬೋರ್ಡಿನದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ನಗರಗಳ ಬಡಾವಣೆಗಳಲ್ಲಿ 30×40 ಅಡಿ ನಿವೇಶನದಲ್ಲಿ ಮೊದಲು ಒಂದೇ ಮನೆ ಏಳುತ್ತದೆ. ಕೆಲವು ವರ್ಷಗಳ ನಂತರ ಅದರ ಮೇಲೊಂದು, ಅದರ ಮೇಲೆ ಎರಡು ಚಿಕ್ಕ ಮನೆ, ಕೊನೆಗೆ ತಾರಸಿಯ ಮೇಲೆ ತಗಡಿನ ಮಾಡು ಹೊದಿಸಿದ ಒಂದು ಕೋಣೆ ಸೇರಿಕೊಳ್ಳುತ್ತದೆ. ಗೋಡೆ ಬೆಳೆದಂತೆ ವೈರಿಂಗ್ ಬೆಳೆಯುವುದಿಲ್ಲ. ಒಂದು ಮನೆಯ ದೀಪ, ಫ್ಯಾನು, ಮಿಕ್ಸಿಗೆಂದು ಎಳೆದ ಮೈನ್ ತಂತಿಯಿಂದಲೇ ನಾಲ್ಕು ಮನೆಯ ಗೀಸರ್, ವಾಷಿಂಗ್ ಮೆಷಿನ್, ಇಂಡಕ್ಷನ್ ಒಲೆಗಳಿಗೆ ಕವಲು ತೆಗೆದಿರುತ್ತಾರೆ. ಮಂಜೂರಾದ ಲೋಡ್ ಹಳೆಯದೇ ಇರುತ್ತದೆ. ಫ್ಯೂಸ್ ಪದೇ ಪದೇ ಸುಡುವುದನ್ನು ತಪ್ಪಿಸಲು ಅದರೊಳಗೆ ದಪ್ಪನೆಯ ತಾಮ್ರದ ತಂತಿಯನ್ನೇ ಸುತ್ತಿರುವುದನ್ನು ನಾನೇ ಎಷ್ಟೋ ಕಡೆ ಬಿಚ್ಚಿ ತೆಗೆದಿದ್ದೇನೆ. ಹಾಗೆ ಸುತ್ತಿದ ಮೇಲೆ ಫ್ಯೂಸ್ ಸುಡುವುದಿಲ್ಲ, ಗೋಡೆಯೊಳಗಿನ ತಂತಿ ಸುಡುತ್ತದೆ. ಈ ಬೋರ್ಡುಗಳು ಇರುವುದು ಸಾಮಾನ್ಯವಾಗಿ ಮೆಟ್ಟಿಲ ಕೆಳಗೆ. ಅದೇ ಜಾಗದಲ್ಲಿ ಎಲ್ಲ ಬಾಡಿಗೆದಾರರ ದ್ವಿಚಕ್ರ ವಾಹನಗಳು ಒತ್ತೊತ್ತಾಗಿ ನಿಂತಿರುತ್ತವೆ. ಈಗೀಗ ಬ್ಯಾಟರಿ ಸ್ಕೂಟರುಗಳ ಚಾರ್ಜಿಂಗ್ ಕೂಡ ಅಲ್ಲೇ ನಡೆಯುತ್ತದೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಷ್ಟು ಕಿರಿದಾದ ಆ ಮೆಟ್ಟಿಲೊಂದೇ ಮೇಲಿನ ಎಲ್ಲ ಮನೆಯವರಿಗೆ ಇಳಿಯುವ ದಾರಿ. ಬೋರ್ಡಿನಲ್ಲಿ ಹತ್ತಿದ ಕಿಡಿ ವಾಹನದ ಪೆಟ್ರೋಲಿಗೆ ತಗುಲಿದರೆ ಮೊದಲು ಮುಚ್ಚಿಹೋಗುವುದು ಆ ದಾರಿಯೇ, ಮತ್ತು ಹೊಗೆ ಏರುವುದೂ ಅದೇ ಮೆಟ್ಟಿಲ ಮೂಲಕ.

ಇನ್ನೊಂದು ಸಂಗತಿ, ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್‌ನದು. ಮನೆ ಮೊದಲು ಕಟ್ಟಿದಾಗ ಅಂಗಳದ ಮೂಲೆಯಲ್ಲಿ ಅರ್ಥ್ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಪೈಪು ಇಳಿಸಿರುತ್ತಾರೆ. ಮುಂದೆ ವಾಹನ ನಿಲ್ಲಿಸಲು ಜಾಗ ಬೇಕೆಂದೋ ಮುಂಭಾಗದಲ್ಲಿ ಅಂಗಡಿ ಮಳಿಗೆ ಕಟ್ಟಬೇಕೆಂದೋ ಆ ಗುಂಡಿಯ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಮಣ್ಣು ಒಣಗುತ್ತದೆ, ತಂತಿ ತುಕ್ಕು ಹಿಡಿದು ತುಂಡಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮೇಲಿನ ಮನೆಯ ಹೆಂಗಸರಿಗೆ, ಸ್ನಾನದ ಮನೆಯ ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದಾಗ. ನಾವು ಹಿಂದೆ ಇದ್ದ ಮನೆಯೊಂದರಲ್ಲಿ ಹೀಗಾದಾಗ ನಾನು ಟೆಸ್ಟರ್ ಹಿಡಿದು ನಲ್ಲಿಯಲ್ಲಿ ದೀಪ ಉರಿಯುವುದನ್ನು ಮಾಲೀಕರಿಗೆ ತೋರಿಸಿದೆ. ‘ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ, ಏನೂ ಆಗಲ್ಲ, ಇದಕ್ಕೂ ಮುಂಚೆ ಇದ್ದವರು ಯಾವತ್ತೂ ಕಂಪ್ಲೇಂಟ್ ಮಾಡಿಲ್ಲ’ ಎಂದು ಅವರು ಹೇಳಿದರು. ಅದು ಕೆಟ್ಟ ಮನಸ್ಸಿನಿಂದ ಬಂದ ಮಾತಲ್ಲ. ಅದರ ಅಪಾಯ ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅವರ ಮನೆ ಕೆಳಗಿತ್ತು, ಅಲ್ಲಿ ಅರ್ಥಿಂಗ್ ಸರಿಯಾಗಿತ್ತು. 30 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಣ್ಣ ಸಾಧನವಿದ್ದಿದ್ದರೆ ಯಾರ ಮಾತನ್ನೂ ಕಾಯಬೇಕಾಗಿರಲಿಲ್ಲ. ಒಂದು ತಿಂಗಳ ಬಾಡಿಗೆಯ ಸಣ್ಣ ಪಾಲಿನಲ್ಲಿ ಮುಗಿಯುವ ಖರ್ಚು ಅದು.

ಉಳಿದ ಅಪಾಯಗಳನ್ನು ವಿವರಿಸುವ ಅಗತ್ಯವಿಲ್ಲ, ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಅವು ಗೊತ್ತು. ಗಾಳಿಕಿಂಡಿಯೇ ಇಲ್ಲದ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಕೂರಿಸಿ ಕೊಡುತ್ತಾರೆ. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್‌ನಿಂದ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದ ಸುದ್ದಿಗಳನ್ನು ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವೆ. ಸಂಪಿನ ಮುಚ್ಚಳ ತುಕ್ಕು ಹಿಡಿದಿರುತ್ತದೆ. ಸ್ಲ್ಯಾಬಿನ ಪ್ಲಾಸ್ಟರ್ ಉದುರಿ ಕಂಬಿ ಕಾಣುತ್ತಿದ್ದರೂ ಅದರ ಮೇಲೆ ಸುಣ್ಣ ಬಳಿದು ಹೊಸಬರಿಗೆ ಮನೆ ತೋರಿಸುತ್ತಾರೆ. ಕಳ್ಳರ ಭಯಕ್ಕೆಂದು ಬಾಲ್ಕನಿಗೆ ಪೂರ್ತಿ ಕಬ್ಬಿಣದ ಗ್ರಿಲ್ ಹಾಕಿಸಿ, ತಾರಸಿಯ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಮಾಲೀಕರೇ ಇಟ್ಟುಕೊಳ್ಳುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬೆಂಕಿ ಹೊತ್ತಿಕೊಂಡಾಗ ಬಾಲ್ಕನಿಯ ಗ್ರಿಲ್ ದಾಟಲಾಗದೆ ಜನರ ಕಣ್ಣೆದುರೇ ಜೀವ ಹೋದುದನ್ನು ಈ ನಗರ ನೋಡಿದೆ. ಅದಕ್ಕೂ ಮುಂಚೆ, 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತಾಗಲೂ ಮುಚ್ಚಿದ್ದ ತುರ್ತು ದಾರಿಗಳ ಬಗ್ಗೆ ದೊಡ್ಡ ಚರ್ಚೆಯಾಗಿತ್ತು. ಆ ಚರ್ಚೆಯ ಫಲವಾಗಿ ಎತ್ತರದ ಕಟ್ಟಡಗಳ ಕಡೆಗೆ ಸ್ವಲ್ಪ ಗಮನ ಹೋಯಿತು. ನಾಲ್ಕಂತಸ್ತಿನ ಬಾಡಿಗೆ ಮನೆಗಳ ಕಡೆಗೆ ಹೋಗಲಿಲ್ಲ.

ಈಗ ಕಾನೂನಿನ ವಿಚಾರಕ್ಕೆ ಬರುತ್ತೇನೆ. ನಮ್ಮಲ್ಲಿ ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬುದೊಂದು ಇದೆ. 2001ರ ಕೊನೆಯ ದಿನ ಅದು ಜಾರಿಗೆ ಬಂತು. ಮಾಲೀಕರು ಮನೆಯನ್ನು ಸುಸ್ಥಿತಿಯಲ್ಲಿ ಇಡಬೇಕೆಂಬ ಹೊಣೆ ಅದರಲ್ಲಿದೆ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ, ಬಹುತೇಕ ಇತರ ಊರುಗಳಲ್ಲಿ 2,000 ರೂಪಾಯಿ ಮೀರಿದ ಮನೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇಂದು 3,500 ರೂಪಾಯಿಗೆ ಬೆಂಗಳೂರಿನಲ್ಲಿ ಒಂದು ಕೋಣೆ ಸಿಗುವುದೂ ದುರ್ಲಭ. ಹೀಗಾಗಿ ಕಾಯ್ದೆ ಪುಸ್ತಕದಲ್ಲಿದೆ, ಬಾಡಿಗೆದಾರರು ಅದರ ಹೊರಗಿದ್ದಾರೆ. ಕೂಲಿ ಮಾಡುವವರೂ ಐದು ಸಾವಿರ, ಆರು ಸಾವಿರ ಕೊಟ್ಟು ಒಂದು ಕೋಣೆಯಲ್ಲಿ ಇರುವಾಗ, ಎರಡು ದಶಕಗಳ ಹಿಂದಿನ ಆ ಮಿತಿಯನ್ನು ಮುಟ್ಟದೆ ಬಿಟ್ಟಿರುವುದು ಅತ್ಯಂತ ಬಡವರ ರಕ್ಷಣೆಯನ್ನೇ ಕಿತ್ತುಕೊಂಡಂತೆ.

ಕಾಯ್ದೆಯ ಹೊರಗಿರುವವರಿಗೆ ಉಳಿದಿರುವುದು ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೆಯ ಕಲಮಿನಲ್ಲಿ ಎರಡು ಒಳ್ಳೆಯ ಅಂಶಗಳಿವೆ. ಮನೆಯ ಬಳಕೆಗೆ ಸಂಬಂಧಿಸಿದ ಗಂಭೀರ ದೋಷವೊಂದು ಮಾಲೀಕರಿಗೆ ಗೊತ್ತಿದ್ದು, ಬಾಡಿಗೆದಾರರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅದು ಕಾಣಿಸುವಂತಿಲ್ಲವಾದರೆ, ಅದನ್ನು ಮಾಲೀಕರು ಮೊದಲೇ ತಿಳಿಸಬೇಕು. ಸುಣ್ಣ ಬಳಿದು ಮುಚ್ಚಿದ ಬಿರುಕಿಗೂ ತುಂಡಾದ ಅರ್ಥಿಂಗ್‌ಗೂ ಇದು ಅನ್ವಯಿಸುತ್ತದೆ ಎಂಬುದು ನನ್ನ ತಿಳಿವಳಿಕೆ. ಎರಡನೆಯದಾಗಿ, ಮಾಲೀಕರು ಮಾಡಲು ಬದ್ಧರಾಗಿರುವ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರರೇ ಅದನ್ನು ಮಾಡಿಸಿ, ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕೇಳಲು ಇದು ದೊಡ್ಡ ಹಕ್ಕಿನಂತೆ ತೋರುತ್ತದೆ. ಆದರೆ ‘ಮಾಡಲು ಬದ್ಧರಾಗಿರುವ ದುರಸ್ತಿ’ ಯಾವುದು ಎಂಬುದನ್ನು ಆ ಕಲಮು ಹೇಳುವುದಿಲ್ಲ. ಅದು ಬರಬೇಕಾದದ್ದು ಕರಾರು ಪತ್ರದಿಂದ. ಜೊತೆಗೆ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಕರಾರೇ ಗೆಲ್ಲುತ್ತದೆ.

ಆ ಕರಾರು ಪತ್ರ ಹೇಗಿರುತ್ತದೆ ಎಂಬುದನ್ನು ಒಮ್ಮೆ ಓದಿ ನೋಡಬೇಕು. ಇ-ಸ್ಟಾಂಪ್ ಕಾಗದ ಮಾರುವ ಅಂಗಡಿಯ ಕಂಪ್ಯೂಟರಿನಲ್ಲಿ ಸಿದ್ಧವಾಗಿರುವ ಒಂದು ನಮೂನೆಯಲ್ಲಿ ಹೆಸರು, ಬಾಡಿಗೆ, ಮುಂಗಡ ಇಷ್ಟನ್ನು ಬದಲಿಸಿ ಮುದ್ರಿಸುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಅವಧಿ ಹನ್ನೊಂದು ತಿಂಗಳು. ಗೋಡೆಗೆ ಮೊಳೆ ಹೊಡೆಯಬಾರದು, ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಲಾಗುವುದು, ಸಣ್ಣಪುಟ್ಟ ದುರಸ್ತಿ ಬಾಡಿಗೆದಾರರದು, ವರ್ಷಕ್ಕೆ ಇಷ್ಟು ಬಾಡಿಗೆ ಏರಿಕೆ ಎಂದೆಲ್ಲ ಅದರಲ್ಲಿ ಸ್ಪಷ್ಟವಾಗಿರುತ್ತದೆ. ವೈರಿಂಗ್, ಅರ್ಥಿಂಗ್, ಸ್ಲ್ಯಾಬು, ನೀರಿನ ಪೈಪು, ಲಿಫ್ಟು ಇವುಗಳ ಹೊಣೆ ಯಾರದು ಎಂಬ ಒಂದು ಸಾಲನ್ನೂ ನಾನು ಸಹಿ ಮಾಡಿದ ಯಾವ ಕರಾರಿನಲ್ಲಿಯೂ ಕಂಡಿಲ್ಲ. ಸಾಲು ಇಲ್ಲವೆಂದರೆ ಬದ್ಧತೆ ಇಲ್ಲ, ಬದ್ಧತೆ ಇಲ್ಲವೆಂದರೆ 1882ರ ಕಾಯ್ದೆ ಕೊಟ್ಟ ಹಕ್ಕೂ ಕೈಗೆ ಹತ್ತುವುದಿಲ್ಲ.

ಭೋಗ್ಯಕ್ಕೆ ಇರುವವರ ಕಥೆ ಇನ್ನೂ ಕಷ್ಟ. ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟು ಸೇರಿಕೊಂಡವರು ತಿಂಗಳ ಬಾಡಿಗೆ ಕೊಡುವುದೇ ಇಲ್ಲ, ಮುರಿದುಕೊಳ್ಳುವುದು ಯಾವುದರಲ್ಲಿ? ಮಾಲೀಕರು ಆ ಹಣವನ್ನು ಮನೆ ಸಾಲಕ್ಕೋ ಮಗಳ ಮದುವೆಗೋ ಖರ್ಚು ಮಾಡಿರುತ್ತಾರೆ, ಮುಂದಿನ ಭೋಗ್ಯದವರು ಬಂದು ಹಣ ಕೊಟ್ಟರಷ್ಟೇ ಇವರಿಗೆ ಹಣ ವಾಪಸ್ಸು. ಮನೆಯ ದೋಷವನ್ನು ಗಟ್ಟಿಯಾಗಿ ಹೇಳಿದರೆ ಹೊಸಬರು ಬರುವುದಿಲ್ಲ. ಹೀಗೆ ತಮ್ಮ ಹಣ ಹೊರಬರಬೇಕಾದರೆ ತಮಗೆ ಗೊತ್ತಿರುವ ಅಪಾಯವನ್ನು ಇನ್ನೊಂದು ಸಂಸಾರಕ್ಕೆ ಹೇಳದೆ ಬಿಡಬೇಕಾದ ಸಂಕಟಕ್ಕೆ ಅವರು ಸಿಲುಕುತ್ತಾರೆ. ಮುಂಗಡ ಕೊಟ್ಟವರ ಪರಿಸ್ಥಿತಿಯೂ ಇದರಿಂದ ಬಹಳ ದೂರವಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಹಳೆಯ ವಾಡಿಕೆ. ಈಗೀಗ ಕೆಲವರು ಐದಾರು ತಿಂಗಳಿಗೆ ಒಪ್ಪುತ್ತಾರೆ. ಹದಿನೈದು ಸಾವಿರ ಬಾಡಿಗೆಯ ಮನೆಗೆ ಒಂದೂವರೆ ಲಕ್ಷ ಕೊಟ್ಟವರು, ‘ಇಷ್ಟ ಇಲ್ಲದಿದ್ರೆ ಖಾಲಿ ಮಾಡಿ’ ಎಂಬ ಒಂದು ಮಾತಿಗೆ ಬಾಯಿ ಮುಚ್ಚುತ್ತಾರೆ. ಹೊಸ ಮನೆಯ ಮುಂಗಡ, ದಲ್ಲಾಳಿಯ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಲಾರಿ, ನಡುವರ್ಷದಲ್ಲಿ ಮಕ್ಕಳ ಶಾಲೆ ಎಲ್ಲವನ್ನೂ ಲೆಕ್ಕ ಹಾಕಿದವರಿಗೆ ನಲ್ಲಿಯಲ್ಲಿ ಬರುವ ಜುಮ್ಮೆನ್ನುವ ಕರೆಂಟು ಸಹಿಸಬಹುದಾದ ತೊಂದರೆಯಾಗಿ ಕಾಣತೊಡಗುತ್ತದೆ. ದೂರು ಬರುತ್ತಿಲ್ಲವಾದ್ದರಿಂದ ತೊಂದರೆಯಿಲ್ಲ ಎಂದು ಅಧಿಕಾರಿಗಳು ತಿಳಿಯುವುದು ಈ ಕಾರಣಕ್ಕೇ ತಪ್ಪು.

ಪಾಲಿಕೆಗೆ ದೂರು ಕೊಡಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಶಿಥಿಲವಾದ ಕಟ್ಟಡಗಳಿಗೆ ನೋಟಿಸ್ ಕೊಟ್ಟು ದುರಸ್ತಿ ಮಾಡಿಸುವ, ಇಲ್ಲವೇ ಕೆಡವಿಸುವ ಅಧಿಕಾರ ಪಾಲಿಕೆಗೆ ಇದೆ, ನಿಜ. ಆದರೆ ಕಟ್ಟಡ ವಾಸಕ್ಕೆ ಅಪಾಯಕಾರಿ ಎಂದು ಬರೆದುಬಿಟ್ಟರೆ ಮೊದಲು ಬೀದಿಗೆ ಬರುವುದು ದೂರು ಕೊಟ್ಟ ಬಾಡಿಗೆದಾರರೇ. ಬಾಡಿಗೆ ಕಾಯ್ದೆಯಲ್ಲಿಯೂ ಅದು ಮನೆ ಬಿಡಿಸಲು ಒಂದು ಆಧಾರ. ಅವರ ಮುಂಗಡ ಎಷ್ಟು ದಿನದೊಳಗೆ ವಾಪಸ್ಸಾಗಬೇಕು, ಅಷ್ಟರವರೆಗೆ ಅವರು ಎಲ್ಲಿರಬೇಕು ಎಂಬುದನ್ನು ಆ ನೋಟಿಸ್ ಹೇಳುವುದಿಲ್ಲ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಲಕ್ಕಸಂದ್ರದಲ್ಲಿ ಹಳೆಯ ಕಟ್ಟಡವೊಂದು ಕುಸಿದಾಗ ಅದರಲ್ಲಿ ಮೆಟ್ರೊ ಕಾಮಗಾರಿಯ ಕಾರ್ಮಿಕರು ವಾಸವಾಗಿದ್ದರು. ಕುಸಿಯುವ ಮುನ್ನ ಹೊರಬಂದಿದ್ದರಿಂದ ಜೀವ ಉಳಿಯಿತು. ಧಾರವಾಡದಲ್ಲಿ ಹಾಗಾಗಲಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದ ಕಟ್ಟಡ ಕುಸಿದು 19 ಮಂದಿ ಸತ್ತಾಗ ಮೇಲಿನ ಅಂತಸ್ತುಗಳ ಕೆಲಸವೇ ಇನ್ನೂ ಮುಗಿದಿರಲಿಲ್ಲ, ಕೆಳಗಿನ ಮಳಿಗೆಗಳಲ್ಲಿ ಮಾತ್ರ ವ್ಯಾಪಾರ ಆಗಲೇ ನಡೆಯುತ್ತಿತ್ತು. ಕಟ್ಟಿ ಮುಗಿಯದ ಕಟ್ಟಡದಲ್ಲಿ ಮಳಿಗೆ ತೆರೆಯಲು ಬಿಟ್ಟವರನ್ನು ಅಂದು ತಡೆಯುವವರಿರಲಿಲ್ಲ.

ಇಂಥ ಸಾವುಗಳಾದ ಮೇಲೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ನಿರ್ಲಕ್ಷ್ಯದಿಂದಾದ ಸಾವಿನ ಪ್ರಕರಣ ದಾಖಲಾಗುತ್ತದೆ, ಮಾಲೀಕರ ಬಂಧನವೂ ಆಗಬಹುದು. ಸತ್ತವರ ಮನೆಯವರಿಗೆ ಅದು ಬೇಕಾದ ನ್ಯಾಯವೇ. ಆದರೂ ಸುರಕ್ಷಿತ ವಾಸ ಎಂಬುದು ಸತ್ತ ಮೇಲೆ ಹುಟ್ಟುವ ಹಕ್ಕಾಗಬಾರದು. ವಸತಿಯ ಹಕ್ಕು ಎಂದರೆ ತಲೆಯ ಮೇಲೊಂದು ಸೂರು ಮಾತ್ರವಲ್ಲ. ಸುರಕ್ಷಿತವಾದ ಕಟ್ಟಡ, ಸಾಕಷ್ಟು ಗಾಳಿ ಬೆಳಕು, ನೀರು, ವಿದ್ಯುತ್, ನೈರ್ಮಲ್ಯ ಎಲ್ಲವೂ ಅದರೊಳಗೆ ಸೇರುತ್ತವೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಚಮೇಲಿ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎಂದು ಅದು ಹೇಳುತ್ತದೆ. ಕಟ್ಟಡದ ರಚನೆಗೆ ಸಂಬಂಧಿಸಿದ ದುರಸ್ತಿ, ಪೈಪು ಬದಲಾವಣೆ, ಒಳಗಿನ ಮತ್ತು ಹೊರಗಿನ ವೈರಿಂಗ್ ಮಾಲೀಕರದು. ನಲ್ಲಿಯ ವಾಷರ್, ಸ್ವಿಚ್ಚು, ಸಾಕೆಟ್ ಬಾಡಿಗೆದಾರರದು ಎಂದು ಸ್ಪಷ್ಟವಾಗಿ ಪಟ್ಟಿ ಮಾಡಿದೆ. ಮಾಲೀಕರು ದುರಸ್ತಿ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಆದರೆ ಒಂದು ತಿಂಗಳಲ್ಲಿ ಅರ್ಧ ಬಾಡಿಗೆಗಿಂತ ಹೆಚ್ಚು ಮುರಿಯುವಂತಿಲ್ಲ. ಲಿಖಿತವಾಗಿ ಕೇಳಿದ ಮೇಲೂ ಮಾಡದೆ ಮನೆ ವಾಸಯೋಗ್ಯವಲ್ಲದಂತಾದರೆ 15 ದಿನಗಳ ನೋಟಿಸ್ ಕೊಟ್ಟು ಹೊರಡಬಹುದು. ತಮಿಳುನಾಡು ಇದಕ್ಕೂ ಮೊದಲೇ, 2017ರಲ್ಲಿ, ಮಾಲೀಕರ ಮತ್ತು ಬಾಡಿಗೆದಾರರ ಹಕ್ಕು ಹೊಣೆಗಳ ಕಾಯ್ದೆಯನ್ನು ಮಾಡಿಕೊಂಡಿದೆ. ನಮ್ಮ ರಾಜ್ಯವೂ ಈ ಅಂಶಗಳನ್ನು ತನ್ನ ಕಾಯ್ದೆಗೆ ತಂದುಕೊಳ್ಳಬೇಕು ಎಂಬುದು ನನ್ನ ಮೊದಲ ಬೇಡಿಕೆ. ಆದರೆ ಮಾದರಿ ಕಾಯ್ದೆಯಲ್ಲಿಯೂ ಒಂದು ಕೊರತೆ ಉಳಿದಿದೆ: ಬಾಡಿಗೆದಾರರು ಬಾಯಿ ಬಿಟ್ಟ ಮೇಲಷ್ಟೇ ಅದು ಕೆಲಸ ಆರಂಭಿಸುತ್ತದೆ. ಮನೆ ಕೊಡುವ ಮುಂಚೆಯೇ ತಪಾಸಣೆ ಆಗಬೇಕೆಂದು ಅದು ಹೇಳುವುದಿಲ್ಲ. ನಮ್ಮ ಮಕ್ಕಳು ಉದ್ಯೋಗಕ್ಕೆಂದು ಹೋಗಿ ಬಾಡಿಗೆಗೆ ಇರುವ ಇಂಗ್ಲೆಂಡಿನಲ್ಲಿ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ, ವಿದ್ಯುತ್ ಜೋಡಣೆಯನ್ನು ಐದು ವರ್ಷಕ್ಕೊಮ್ಮೆಯಾದರೂ ಮಾಲೀಕರೇ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಕೊಡಬೇಕು. ಯಾರೂ ದೂರು ಕೊಡಬೇಕಾಗಿಲ್ಲ.

ನಮ್ಮಲ್ಲಿ ಗಾಳಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಬೀಸುತ್ತಿದೆ ಎಂಬ ಆತಂಕ ನನ್ನದು. ಮಂಜೂರಾದ ನಕ್ಷೆಯಂತೆ ಕಟ್ಟಲಾಗಿದೆ ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಸ್ವಂತಕ್ಕೆಂದು ಮನೆ ಕಟ್ಟಿದವರಿಗೆ ಅದರಿಂದ ತೊಂದರೆಯಾಯಿತೆಂದು, 1,200 ಚದರ ಅಡಿಯವರೆಗಿನ ನಿವೇಶನಗಳ ಚಿಕ್ಕ ಮನೆಗಳಿಗೆ 2025ರಲ್ಲಿ ರಾಜ್ಯದಲ್ಲಿ ಆ ಪತ್ರದಿಂದ ವಿನಾಯಿತಿ ಕೊಡಲಾಯಿತು. ಸಾಲ ಮಾಡಿ ಮನೆ ಕಟ್ಟಿದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ 30×40 ಅಡಿ ಎಂದರೆ ಅದೇ 1,200 ಚದರ ಅಡಿ, ನಾವು ಬಾಡಿಗೆದಾರರು ಹೆಚ್ಚಾಗಿ ಇರುವುದು ಅಂಥ ನಿವೇಶನಗಳಲ್ಲೇ. ಮಾಲೀಕರು ತಾವೇ ವಾಸಿಸುವ ಮನೆಗೆ ವಿನಾಯಿತಿ ಕೊಡುವುದು ಬೇರೆ, ಬಾಡಿಗೆ ಆದಾಯಕ್ಕೆಂದು ಕಟ್ಟಿದ ಮನೆಗಳಿಗೆ ಕೊಡುವುದು ಬೇರೆ. ಪೇಯಿಂಗ್ ಗೆಸ್ಟ್ ವಸತಿಗಳಿಗೆ 2024ರಲ್ಲಿ ಅಂದಿನ ಬಿಬಿಎಂಪಿ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಗ್ನಿ ಸುರಕ್ಷತೆ ಎಂದು ಮಾರ್ಗಸೂಚಿ ಹೊರಡಿಸಿತು. ಅದೇ ಬೀದಿಯ ಪಕ್ಕದ ಕಟ್ಟಡದಲ್ಲಿ ಸಂಸಾರ ಸಮೇತ ಬಾಡಿಗೆಗಿರುವವರಿಗೆ ಅಷ್ಟೂ ಇಲ್ಲ.

ಬಾಡಿಗೆ ಮನೆಗಳನ್ನು ಹುಡುಕಿ ತಪಾಸಣೆ ಮಾಡುವುದು ಆಗದ ಕೆಲಸ, ಯಾರು ಎಲ್ಲಿದ್ದಾರೆ ಎಂಬುದೇ ಗೊತ್ತಿಲ್ಲ ಎಂಬ ಉತ್ತರವನ್ನು ಅಧಿಕಾರಿಗಳಿಂದ ಕೇಳಿದ್ದೇನೆ. ಗೃಹಜ್ಯೋತಿ ಯೋಜನೆ ಬಂದ ಮೇಲೆ ಆ ಉತ್ತರ ನಿಲ್ಲುವುದಿಲ್ಲ. 2023ರಲ್ಲಿ ಉಚಿತ ವಿದ್ಯುತ್ತಿಗೆ ನೋಂದಾಯಿಸುವಾಗ ಮಾಲೀಕರ ಹೆಸರಿನ ಮೀಟರಿನ ಆರ್‌ಆರ್ ಸಂಖ್ಯೆಗೆ ಬಾಡಿಗೆದಾರರ ಆಧಾರ್ ಜೋಡಿಸಲಾಯಿತು. ಮನೆ ಬದಲಿಸಿದಾಗ ಹಳೆಯ ಸಂಖ್ಯೆಯಿಂದ ಬಿಡಿಸಿಕೊಂಡು ಹೊಸದಕ್ಕೆ ಜೋಡಿಸಿಕೊಳ್ಳುವ ವ್ಯವಸ್ಥೆಯೂ ನಂತರ ಬಂತು. ಅಂದರೆ ಯಾವ ಮೀಟರಿನ ಮನೆಯಲ್ಲಿ ಬಾಡಿಗೆದಾರರಿದ್ದಾರೆ, ಯಾವಾಗ ಹಳಬರು ಹೋಗಿ ಹೊಸಬರು ಬಂದರು ಎಂಬುದು ಬೆಸ್ಕಾಂ, ಹೆಸ್ಕಾಂ, ಸೆಸ್ಕ್, ಮೆಸ್ಕಾಂ, ಜೆಸ್ಕಾಂಗಳ ದಾಖಲೆಯಲ್ಲೇ ಬಹಳಮಟ್ಟಿಗೆ ಇದೆ. ಹೊಸ ಸಂಪರ್ಕ ಪಡೆಯುವಾಗ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರು ವೈರಿಂಗ್ ಪರೀಕ್ಷಿಸಿ ವರದಿ ಕೊಡುವ ಪದ್ಧತಿ ಮೊದಲಿನಿಂದಲೂ ಇದೆ; ಅಂಥ ವರದಿಗಳಿಗಾಗಿ ನಾನೇ ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಮೆಗ್ಗರ್ ಹಿಡಿದು ಎಷ್ಟೋ ಮನೆಗಳನ್ನು ಪರೀಕ್ಷಿಸಿದ್ದೇನೆ. ಅರ್ಥಿಂಗ್ ಅಳತೆ, ಆರ್‌ಸಿಸಿಬಿ ಇದೆಯೇ, ಲೋಡಿಗೆ ತಕ್ಕ ತಂತಿ ಇದೆಯೇ ಎಂದು ನೋಡಲು ಒಂದು ಮನೆಗೆ ಅರ್ಧ ದಿನವೂ ಬೇಡ. ಅದೇ ವರದಿಯನ್ನು ಬಾಡಿಗೆದಾರರು ಬದಲಾದಾಗ, ಅಥವಾ ಐದು ವರ್ಷಕ್ಕೊಮ್ಮೆ, ಮಾಲೀಕರು ಸಲ್ಲಿಸಬೇಕೆಂದು ನಿಯಮ ಮಾಡಿದರೆ ಹೊಸ ಇಲಾಖೆ ಬೇಡ, ಹೊಸ ಅಧಿಕಾರಿಗಳೂ ಬೇಡ. ಮನೆ ಮನೆಗೆ ಇನ್‌ಸ್ಪೆಕ್ಟರುಗಳನ್ನು ಕಳಿಸುವ ಪದ್ಧತಿಗೆ ನನ್ನ ಸಹಮತವಿಲ್ಲ. ಅದು ಏನಾಗುತ್ತದೆಂದು ನಮಗೆಲ್ಲ ಗೊತ್ತು. ಲಿಫ್ಟುಗಳಿಗಂತೂ 2012ರ ಕಾಯ್ದೆಯೇ ಇದೆ, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿಯ ಪ್ರತಿಯನ್ನು ಲಿಫ್ಟಿನ ಬಳಿ ಬಾಡಿಗೆದಾರರಿಗೆ ಕಾಣುವಂತೆ ಹಾಕಿಸಿದರೆ ಸಾಕು.

ಮಾಲೀಕರೆಲ್ಲರೂ ಲೋಭಿಗಳೆಂದು ನಾನು ಹೇಳುತ್ತಿಲ್ಲ. ನಿವೃತ್ತಿಯ ಹಣವನ್ನೆಲ್ಲ ಸುರಿದು ಮೇಲೆ ಎರಡು ಮನೆ ಕಟ್ಟಿಸಿ, ಆ ಬಾಡಿಗೆಯಲ್ಲೇ ಔಷಧಿ, ದಿನಸಿ ನಡೆಸುವ ಹಿರಿಯರನ್ನು ನಾನು ಬಲ್ಲೆ. ಅವರಿಗೆ ವೈರಿಂಗ್ ಬದಲಿಸುವ ಖರ್ಚು ದೊಡ್ಡದೇ. ಪರೀಕ್ಷೆಯ ವರದಿ ಸಲ್ಲಿಸಿ ದೋಷ ಸರಿಪಡಿಸಿದ ಮಾಲೀಕರಿಗೆ ಆ ವರ್ಷದ ಆಸ್ತಿ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ಬಗ್ಗೆ ಬೆಂಗಳೂರಿನ ಐದು ಹೊಸ ಪಾಲಿಕೆಗಳೂ ಉಳಿದ ನಗರಗಳ ಪಾಲಿಕೆಗಳೂ ಯೋಚಿಸಬಹುದು. ಮಾಲೀಕರು ಅದೇ ಕಟ್ಟಡದ ಕೆಳಗಿನ ಮನೆಯಲ್ಲಿರುವುದೇ ಹೆಚ್ಚು. ಮೆಟ್ಟಿಲ ಕೆಳಗಿನ ಬೋರ್ಡು ಹೊತ್ತಿದರೆ ಅಪಾಯ ಅವರಿಗೂ ಇದೆ.

ಕಾಯ್ದೆ ಬದಲಾಗುವ ತನಕ ಬಾಡಿಗೆದಾರರು ಮಾಡಬಹುದಾದ ಒಂದೆರಡು ಕೆಲಸಗಳಿವೆ. ಕರಾರಿಗೆ ಸಹಿ ಹಾಕುವ ಮುನ್ನ, ಕಟ್ಟಡದ ರಚನೆ, ವೈರಿಂಗ್, ಅರ್ಥಿಂಗ್ ಮತ್ತು ನೀರಿನ ಪೈಪುಗಳ ದುರಸ್ತಿ ಮಾಲೀಕರ ಹೊಣೆ ಎಂಬ ಒಂದು ಸಾಲನ್ನು ಸೇರಿಸುವಂತೆ ಕೇಳಿ. ಆ ದಿನ ಮಾಲೀಕರಿಗೂ ಮನೆ ಕೊಡುವ ಆತುರವಿರುತ್ತದೆ, ಸಾಮಾನ್ಯವಾಗಿ ಒಪ್ಪುತ್ತಾರೆ. 1882ರ ಕಾಯ್ದೆಯ ಹಕ್ಕು ಜೀವ ಪಡೆಯುವುದು ಆ ಸಾಲಿನಿಂದಲೇ. ದೋಷ ಕಂಡಾಗ ಬಾಯಿಮಾತಿನಲ್ಲಿ ಬಿಡದೆ, ದಿನಾಂಕ ಮತ್ತು ಚಿತ್ರಗಳೊಂದಿಗೆ ವಿನಯದಿಂದಲೇ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ, ವಾಟ್ಸ್‌ಆ್ಯಪ್‌ನಲ್ಲಿಯೂ ಕಳಿಸಿ. ನಲ್ಲಿಯಲ್ಲೋ ಗೋಡೆಯಲ್ಲೋ ಕರೆಂಟು ಹೊಡೆಯುತ್ತಿದ್ದರೆ ಮೈನ್ ಆಫ್ ಮಾಡಿ, ಯಾರ ಅನುಮತಿಗೂ ಕಾಯದೆ ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಕರೆಸಿ. ಮೀಟರಿನ ಬಳಿಯ ತೊಂದರೆಯಾದರೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಮುಂಗಡ ಹಿಡಿದಿಟ್ಟುಕೊಂಡರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ. 15100 ಅದರ ಸಹಾಯವಾಣಿ. ಹೆಂಡತಿಯ ಹೆಸರಿನಲ್ಲಿಯೂ ಕರಾರು ಮಾಡಿಸಿಕೊಳ್ಳಿ ಎಂದು ನಾನು ಪರಿಚಯದವರಿಗೆ ಹೇಳುವುದು ಈ ಕಾರಣಕ್ಕೂ ಹೌದು.

ರಾಜ್ಯ ಸರ್ಕಾರದಲ್ಲಿ ನನ್ನ ವಿನಂತಿ ಇಷ್ಟು. 1999ರ ಕಾಯ್ದೆಯ 3,500 ಮತ್ತು 2,000 ರೂಪಾಯಿಗಳ ಮಿತಿಯನ್ನು ತೆಗೆಯಲಿ, ಇಲ್ಲವೇ ಇಂದಿನ ಬಾಡಿಗೆಗೆ ಹೊಂದುವಂತೆ ಏರಿಸಲಿ. ಮುಂಗಡಕ್ಕೆ ಎರಡು ತಿಂಗಳ ಮಿತಿ ಹಾಕಲಿ, ಭೋಗ್ಯದ ಹಣಕ್ಕೂ ಲಿಖಿತ ಭದ್ರತೆ ಕಡ್ಡಾಯವಾಗಲಿ. ಕಟ್ಟಡ ಅಪಾಯಕಾರಿ ಎಂದು ಪಾಲಿಕೆ ನೋಟಿಸ್ ಕೊಟ್ಟರೆ ಅದೇ ನೋಟಿಸಿನಲ್ಲಿ ಬಾಡಿಗೆದಾರರ ಮುಂಗಡ ವಾಪಸ್ಸಿಗೆ ದಿನಾಂಕ ನಿಗದಿಯಾಗಲಿ, ತಪ್ಪಿದರೆ ಆಸ್ತಿ ತೆರಿಗೆಯ ಬಾಕಿಯಂತೆ ವಸೂಲಾಗಲಿ. ಗೃಹಜ್ಯೋತಿಯ ಅರ್ಜಿಯಲ್ಲಿ ಹೊಸ ಬಾಡಿಗೆದಾರರ ಆಧಾರ್ ಜೋಡಣೆಯಾಗುವಾಗ ಆ ಮನೆಯ ವೈರಿಂಗ್ ವರದಿಯ ದಿನಾಂಕವನ್ನೂ ಕೇಳುವ ಒಂದು ಅಂಕಣ ಸೇರಲಿ. ಈ ಕೊನೆಯದಕ್ಕೆ ವಿಧಾನಸಭೆಯ ಅಧಿವೇಶನದವರೆಗೆ ಕಾಯಬೇಕಾಗಿಲ್ಲ, ಇಂಧನ ಇಲಾಖೆಯ ಒಂದು ಸುತ್ತೋಲೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬಾಡಿಗೆದಾರ, ಬೆಂಗಳೂರು